ಸಂತೆಯ ಸುಂಕ

ಹೊಯ್ಸಳರ ಕಾಲದ ಶಾಸನಗಳಲ್ಲಿ ಪಟ್ಟಣಸ್ವಾಮಿಯ ಹೆಸರು ಮೇಲಿಂದ ಮೇಲೆ ಬರುತ್ತದೆ. ಆತನು ಪೇಟೆಯ ವರ್ತಕರಿಗೆ ಮುಖ್ಯಸ್ಥನು. ಹೇರಿಗೆ ಇಷ್ಟೆಂದು ಎತ್ತಿದ ಸುಂಕವನ್ನು ದೇವಾಲಯದ ನಂದಾದೀಪಕ್ಕೆ ಬಿಟ್ಟ ಉದಾಹರಣೆಗಳೂ ಉಂಟು. ಕಡೂರು, ತರೀಕೆರೆ ಪ್ರಾಂತದ ಶಾಸನಗಳನ್ನು ಬಿ. ಎಲ್. ರೈಸ್ ಅವರು 1901ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟವಾಗಿ ಅಚ್ಚುಮಾಡಿಸಿದರು.

ಸುಂಕವೆತ್ತುವ ಕೈ ಬದಲಾಯಿತೇ ಹೊರತು ಸುಂಕವು ಹೋಗಲಿಲ್ಲ. ಹಳ್ಳಿಯ ಸಂತೆ ಜಾತ್ರೆಗಳು ಈಗ 1993ರ ಪಂಚಾಯತ್ ರಾಜ್ ಅಧಿನಿಯಮಕ್ಕೆ ಒಳಪಟ್ಟಿವೆ. ಸಂತೆಯಲ್ಲಿ ಸರಕು ಹರಡಿದವರಿಂದಲೂ, ಜಾತ್ರೆಗೆ ಬಂದ ಯಾತ್ರಿಕರಿಂದಲೂ, ಮಾರಲು ತಂದ ದನಗಳ ನೋಂದಣಿಗೂ ಗ್ರಾಮ ಪಂಚಾಯಿತಿಯು ಶುಲ್ಕವೆತ್ತಬಹುದು. ಅಮೃತಮಹಲ್ ರಾಸುಗಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿ ಈ ಕಡೆಯದು ಅಲ್ಪವಾದ ಮಾತಲ್ಲ. ಆದರೆ ಶುಲ್ಕ ತೆತ್ತ ಬಳೆಗಾರನಿಗೆ, ಮಂಡಕ್ಕಿಯವನಿಗೆ ಮುಂದಿನ ವರ್ಷವೂ ಅದೇ ಜಾಗವು ದೊರೆಯಬೇಕೆಂಬ ವಿಧಿ ಅಲ್ಲಿಲ್ಲ.

ಕಡೂರು, ತರೀಕೆರೆ ಪುರಸಭೆಗಳ ಎಲ್ಲೆಯೊಳಗೆ ಸಂಗತಿ ಬೇರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯಿದೆಯಂತೆ, ಗಣತಿ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಯನ್ನು ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಇರತಕ್ಕದ್ದು. ಪಟ್ಟಣಸ್ವಾಮಿಯ ತರುವಾಯ ವ್ಯಾಪಾರದವನ ಮಾತಿಗೆ ಇಷ್ಟು ಬೆಲೆ ಬಂದುದು ಈಗಲೇ ಎನ್ನಬೇಕು. ಹಬ್ಬದ ಮುನ್ನ ಕಡೂರಿನ ಪೇಟೆಯಲ್ಲಿ ಹೂ ಮಾರಿದವನೇ ಗಂಟು ಹೊತ್ತು ಹಳ್ಳಿಯ ಜಾತ್ರೆಗೆ ನಡೆದರೆ, ಆ ರಕ್ಷಣೆಯು ಪುರಸಭೆಯ ಗಡಿಯಲ್ಲೇ ನಿಲ್ಲುತ್ತದೆ. ಜಾತ್ರೆಯ ಬಯಲಲ್ಲಿ ಅವನನ್ನು ಕೇಳುವುದು ಶುಲ್ಕವೊಂದನ್ನೇ.