ದಿವಾಳಿ ಅರ್ಜಿ: ಸಾಲ ತೀರಿಸಲು ಅಶಕ್ತರಾದ ವ್ಯಕ್ತಿಗಳಿಗೆ ಮಾಹಿತಿ

ಪಡೆದ ಸಾಲವನ್ನು ತೀರಿಸಲು ಅಶಕ್ತರಾದ ವ್ಯಕ್ತಿಗಳು ಕರ್ನಾಟಕದಲ್ಲಿ ಪ್ರಾಂತೀಯ ದಿವಾಳಿ ಅಧಿನಿಯಮ, 1920ರ ಮೇರೆಗೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬಹುದಾಗಿದೆ. 2016ರ ದಿವಾಳಿತನ ಸಂಹಿತೆಯ ವೈಯಕ್ತಿಕ ದಿವಾಳಿ ಭಾಗವು 2019ರ ಡಿಸೆಂಬರ್ 1ರಿಂದ ಕಂಪನಿಗಳ ಸಾಲಕ್ಕೆ ವೈಯಕ್ತಿಕ ಜಾಮೀನು ನೀಡಿದವರಿಗಷ್ಟೇ ಜಾರಿಗೆ ಬಂದಿದ್ದು, ಇತರರಿಗೆ ಹಳೆಯ ಅಧಿನಿಯಮವೇ ಅನ್ವಯಿಸುತ್ತದೆ.

ಅರ್ಜಿದಾರರು ತಾವು ವಾಸಿಸುವ ಅಥವಾ ವ್ಯಾಪಾರ ನಡೆಸುವ ಸ್ಥಳದ ಮೇಲೆ ಅಧಿಕಾರವ್ಯಾಪ್ತಿಯುಳ್ಳ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಸಾಲ ನೀಡಿದವರೆಲ್ಲರ ಹೆಸರು, ವಿಳಾಸ, ಬಾಕಿ ಮೊತ್ತ ಹಾಗೂ ತಮ್ಮ ಸಮಸ್ತ ಆಸ್ತಿಯ ವಿವರವನ್ನು ಅದರಲ್ಲಿ ನಮೂದಿಸತಕ್ಕದ್ದು. ಬಂಧುಗಳಿಂದ ಪಡೆದ ಕೈಸಾಲವನ್ನು ಬಿಡಬಾರದು, ಅದೂ ಸಾಲವೇ.

ದಿವಾಳಿಯೆಂದು ಆದೇಶವಾದ ಕೂಡಲೇ ಆಸ್ತಿಯು ನ್ಯಾಯಾಲಯದ ಅಥವಾ ರಿಸೀವರ್ ಅವರ ವಶಕ್ಕೆ ಸೇರುತ್ತದೆ. ಅಗತ್ಯ ಉಡುಪು, ಹಾಸಿಗೆ, ಅಡುಗೆ ಪಾತ್ರೆ, ಮಾಂಗಲ್ಯ, ಕುಶಲಕರ್ಮಿಯ ಉಪಕರಣ ಮುಂತಾದ ಜಪ್ತಿಗೆ ಒಳಪಡದ ವಸ್ತುಗಳು ಇದಕ್ಕೆ ಹೊರತು. ಆ ಬಳಿಕ ನ್ಯಾಯಾಲಯದ ಅನುಮತಿಯಿಲ್ಲದೆ ವಸೂಲಿ ದಾವೆ ಹೂಡುವಂತಿಲ್ಲ. ಆದರೆ ಮನೆಯನ್ನು ಅಡಮಾನ ಪಡೆದ ಬ್ಯಾಂಕಿನ ಹಕ್ಕಿಗೆ ಬಾಧೆ ಬರುವುದಿಲ್ಲ. ಬಂಧನದಿಂದ ರಕ್ಷಣೆ ಕೋರಲು ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.

ಈ ಆದೇಶದಿಂದಲೇ ಸಾಲ ಮನ್ನಾ ಆಯಿತೆಂದು ಭಾವಿಸಬಾರದು. ವಿಮೋಚನೆಗಾಗಿ ಮತ್ತೊಂದು ಅರ್ಜಿ ಸಲ್ಲಿಸಬೇಕಾಗಿದ್ದು, ಅದರ ಅವಧಿಯನ್ನು ಅದೇ ಆದೇಶದಲ್ಲಿ ನಿಗದಿಪಡಿಸಿರಲಾಗುತ್ತದೆ. ಸಕಾರಣವಿದ್ದಲ್ಲಿ ನ್ಯಾಯಾಲಯವು ಅವಧಿಯನ್ನು ವಿಸ್ತರಿಸಬಹುದು. ಅವಧಿಯೊಳಗೆ ಅರ್ಜಿ ಸಲ್ಲಿಸದಿದ್ದಲ್ಲಿ ದಿವಾಳಿ ಆದೇಶವು ರದ್ದಾಗಿ, ಸಾಲ ನೀಡಿದವರು ಮತ್ತೆ ವಸೂಲಿಗೆ ಮುಂದಾಗಬಹುದು. ಆದುದರಿಂದ ಆದೇಶದ ಪ್ರತಿಯನ್ನು ಪಡೆದು ದಿನಾಂಕವನ್ನು ಗುರುತಿಸಿಟ್ಟುಕೊಳ್ಳತಕ್ಕದ್ದು. ವಿಮೋಚನೆ ದೊರೆತರೂ ಸರ್ಕಾರಕ್ಕೆ ಸಲ್ಲಬೇಕಾದ ಬಾಕಿ, ವಂಚನೆಯಿಂದ ಉಂಟಾದ ಸಾಲ ಹಾಗೂ ಜೀವನಾಂಶದ ಹೊಣೆ ಉಳಿಯುತ್ತವೆ.

ಮಹಿಳೆಯರು ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು ಆದಾಯ ಮಿತಿಯಿಲ್ಲದೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ಪಡೆಯಬಹುದಾಗಿದೆ.