ವಸಡಿನ ರಕ್ತ, ರಕ್ತದ ಸಕ್ಕರೆ

ಜಯನಗರದಿಂದ ಬಿಟಿಎಂ ಲೇಔಟ್‌ವರೆಗೆ ಹಲ್ಲಿನ ಕ್ಲಿನಿಕ್‌ಗಳಿಗೆ ಬರವಿಲ್ಲ. ವಸಡು ಕೆಟ್ಟರೆ ಹೃದಯಾಘಾತ ಆಗುತ್ತದಂತೆ ಎಂಬ ಮಾತೂ ಮನೆಮನೆಗೆ ತಲುಪಿದೆ. ಆದರೆ ಶುಗರ್ ಇರುವವರಿಗೆ ವಸಡು ತೋರಿಸಿಕೊಳ್ಳಿ ಎಂದು ಹೇಳುವವರು ಅಪರೂಪ. ಪುರಾವೆ ಗಟ್ಟಿಯಾಗಿರುವುದು ಮಾತ್ರ ಅಲ್ಲೇ.

ಬಾಯಿಯ ಸೂಕ್ಷ್ಮಾಣುಗಳು ಇತರ ಅಂಗಗಳಿಗೂ ರೋಗ ತರಬಲ್ಲವು ಎಂದು ದಂತವಿಜ್ಞಾನಿ ಮಿಲ್ಲರ್ 1891ರಲ್ಲಿ ಬರೆದರು. 1910ರಲ್ಲಿ ವೈದ್ಯ ಹಂಟರ್ ಅದನ್ನೇ ಇನ್ನಷ್ಟು ದೊಡ್ಡ ದನಿಯಲ್ಲಿ ಹೇಳಿದರು. ಮುಂದಿನ ದಶಕಗಳಲ್ಲಿ ವೈದ್ಯರು ಸಂಧಿವಾತಕ್ಕೂ ಹಲ್ಲು ಕೀಳಿಸಿದರು. ವಾತ ವಾಸಿಯಾಗಲಿಲ್ಲ, ಈ ಅತಿರೇಕದಿಂದ ವಿಷಯವೇ ವೈದ್ಯರ ವಿಶ್ವಾಸ ಕಳೆದುಕೊಂಡಿತು.

ಅದಕ್ಕೆ ಮತ್ತೆ ಜೀವ ಬಂದದ್ದು 1989ರಲ್ಲಿ, ಫಿನ್ಲೆಂಡಿನ ಹೃದ್ರೋಗಿಗಳ ಅಧ್ಯಯನದಿಂದ. 1993ರಲ್ಲಿ ದಂತವಿಜ್ಞಾನಿ ಹರಾಲ್ಡ್ ಲೋ ವಸಡುರೋಗವನ್ನು ಮಧುಮೇಹದ ಆರನೇ ತೊಡಕು ಎಂದು ಕರೆದರು. ಬೆಂಗಳೂರಿನಲ್ಲಿ 1958ರ ಸರ್ಕಾರಿ ದಂತ ಕಾಲೇಜಿನ ಜೊತೆಗೆ ಜೆ.ಪಿ. ನಗರದ ಆರ್.ವಿ., ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ್ ಕಾಲೇಜುಗಳು ಬೆಳೆಯುತ್ತಿದ್ದ ಕಾಲವದು. ವಸಡಿನ ಶಾಸ್ತ್ರವಾದ ಪೆರಿಯೋಡಾಂಟಿಕ್ಸ್ ಕಲಿತ ನಮ್ಮ ತಲೆಮಾರಿಗೆ ಲೋ ಅವರ ಮಾತು ಕೈಯಲ್ಲೇ ಮನದಟ್ಟಾಯಿತು. ಮಿಲಿಮೀಟರ್ ಗುರುತಿನ ಪ್ರೋಬ್ ಆರೋಗ್ಯವಂತ ವಸಡಿನಲ್ಲಿ 3ರೊಳಗೇ ನಿಲ್ಲುತ್ತದೆ. ಹತೋಟಿ ತಪ್ಪಿದ ಶುಗರ್‌ನವರಲ್ಲಿ 6, 7ರವರೆಗೆ ಇಳಿದು, ತೆಗೆದ ಕೂಡಲೇ ರಕ್ತ ಜಿನುಗುತ್ತದೆ. ನೋವಿರುವುದಿಲ್ಲವಾದ್ದರಿಂದ ಹಲ್ಲು ಅಲುಗಾಡುವವರೆಗೂ ಅವರು ಬರುವುದಿಲ್ಲ. ಹೆಚ್ಚಿದ ಸಕ್ಕರೆ ವಸಡಿನ ರಕ್ಷಣೆಯನ್ನು ಕುಂದಿಸುತ್ತದೆ. ವಸಡಿನ ಉರಿಯೂತದ ರಾಸಾಯನಿಕಗಳು ರಕ್ತ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತವೆ.

ಚಿಕಿತ್ಸೆಯಿಂದ ಸಕ್ಕರೆ ಇಳಿಯುತ್ತದೆಯೇ? 2013ರ ಅಮೆರಿಕದ ಪ್ರಯೋಗ ಇಲ್ಲ ಎಂದಿತು. 2018ರಲ್ಲಿ ಲಂಡನ್ನಿನ ತಂಡ ತೀವ್ರ ಚಿಕಿತ್ಸೆ ಕೊಟ್ಟು, ವರ್ಷದ ಕೊನೆಗೆ ರಕ್ತದ ಸರಾಸರಿ ಸಕ್ಕರೆಯ ಅಳತೆಯಾದ ಎಚ್‌ಬಿಎ1ಸಿಯಲ್ಲಿ 0.6 ಶೇಕಡಾ ಅಂಶದ ವ್ಯತ್ಯಾಸ ತೋರಿಸಿತು. 35 ಅಧ್ಯಯನಗಳನ್ನು ಒಟ್ಟು ಮಾಡಿದ 2022ರ ಕಾಕ್ರೇನ್ ವಿಮರ್ಶೆ ಮೂರು-ನಾಲ್ಕು ತಿಂಗಳಲ್ಲಿ 0.43 ಅಂಶ ಇಳಿಯುತ್ತದೆ ಎಂದಿತು. ಮುಖ್ಯವಾಗಿ ಸ್ಕೇಲಿಂಗ್, ವಸಡಿನಡಿಯ ಕಿಟ್ಟ ಕೆರೆದು ತೆಗೆಯುವುದು, ಸರಿಯಾಗಿ ಹಲ್ಲುಜ್ಜುವುದು, ಇಷ್ಟರಿಂದ ಸಿಕ್ಕ ಇಳಿಕೆ ಸಣ್ಣದಲ್ಲ. ಹೃದಯದ ಮಾತು ಬೇರೆ: ನಂಟಿದೆ, ಕಾರಣವೆನ್ನಲು ಪುರಾವೆ ಇಲ್ಲ ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2012ರಲ್ಲೇ ಹೇಳಿದೆ. ಹೃದಯಾಘಾತದ ಹೆದರಿಕೆ ಹುಟ್ಟಿಸಿ ಕ್ಲೀನಿಂಗ್ ಮಾರುವುದು ಶಾಸ್ತ್ರಕ್ಕೆ ಮಾಡುವ ಅನ್ಯಾಯ.

ಮೂವತ್ತು ದಾಟಿದವರಿಗೆ ನಡೆಯುವ ಸರ್ಕಾರಿ ತಪಾಸಣೆಯಲ್ಲಿ ಶುಗರ್, ಬಿಪಿ ನೋಡುತ್ತಾರೆ. ಬಾಯಿ ತೆರೆಸುವುದು ಕ್ಯಾನ್ಸರ್ ಹುಡುಕಲು. ವಸಡಿನ ರಕ್ತಕ್ಕೆ ಅಲ್ಲಿ ಕಾಲಂ ಇಲ್ಲ. ಹಲ್ಲು ಹೋದ ಬಡ ಹಿರಿಯರಿಗೆ ಉಚಿತ ಕಟ್ಟುಹಲ್ಲು ಕೊಡಲು ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆ ಬಂತು. ಇದ್ದ ಹಲ್ಲನ್ನು ಉಳಿಸಲು ಅಂಥದ್ದೊಂದು ಯೋಜನೆ ಬೇಕು. ವೈದ್ಯರಿಗೂ ದಂತವೈದ್ಯರಿಗೂ ಪದವಿ ಕೊಡುವ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ ಜಯನಗರದಲ್ಲೇ ಇದೆ. ಎರಡೂ ಕಡೆಯ ವಿದ್ಯಾರ್ಥಿಗಳನ್ನು ಮಧುಮೇಹದ ಒಪಿಡಿಯಲ್ಲಿ ಒಟ್ಟಿಗೆ ಕೂರಿಸಲು ಹೊಸ ಕಟ್ಟಡ ಬೇಕಿಲ್ಲ, ಒಂದು ಸುತ್ತೋಲೆ ಸಾಕು.