ಹೊಟ್ಟೆಗೆ ಹಾಕಿಕೊಳ್ಳುವುದು

ಮದುವೆ ಮುಗಿದು ಬೀಗರು ಹೊರಡುವ ಹೊತ್ತಿಗೆ ನಮ್ಮ ಧಾರವಾಡದ ಕಡೆ ಹೆಣ್ಣಿನ ತಂದೆ ಕೈಮುಗಿದು ಒಂದು ಮಾತು ಆಡುತ್ತಾರೆ: 'ಏನರ ಹೆಚ್ಚು ಕಮ್ಮಿ ಆಗಿದ್ದರ ಹೊಟ್ಟ್ಯಾಗ ಹಾಕ್ಕೋರಿ.' ಪುಣೆಗೆ ಬಂದ ಹೊಸತರಲ್ಲಿ ಇಲ್ಲಿಯ ಮರಾಠಿ ಮಂದಿಯೂ 'ಪೋಟಾತ್ ಘಾಲಾ' ಎನ್ನುವುದು ಕಿವಿಗೆ ಬಿದ್ದು ಊರಿನವರೇ ಸಿಕ್ಕಂತಾಗಿತ್ತು. ಪೋಟ ಎಂದರೆ ಹೊಟ್ಟೆ, ಘಾಲಾ ಎಂದರೆ ಹಾಕಿರಿ. ಯಾರಿಗೆ ಯಾರು ಕೊಟ್ಟರೋ, ಎದುರಿನವರ ತಪ್ಪನ್ನು ಇಟ್ಟುಕೊಳ್ಳಲು ಎರಡೂ ಭಾಷೆಗೆ ಹೊಳೆದದ್ದು ಅದೊಂದೇ ಜಾಗ.

ಓದಿದವರ ಕನ್ನಡದಲ್ಲಿ ಇದು 'ಕ್ಷಮೆ'. ಸಂಸ್ಕೃತದ ಕ್ಷಮ್ ಧಾತುವಿಗೆ ತಾಳು, ಸಹಿಸು ಎಂದರ್ಥ. ಭೂಮಿಗೂ ಕ್ಷಮಾ ಎಂಬ ಹೆಸರುಂಟು; ಅಗೆದರೂ ಉತ್ತರೂ ಸುಮ್ಮನಿರುತ್ತಾಳಲ್ಲ. ಸರ್ಕಾರಿ ಆದೇಶಗಳ 'ಸಕ್ಷಮ ಪ್ರಾಧಿಕಾರ'ವೂ ಇದೇ ಬಳ್ಳಿಯ ಕಾಯಿ. ಕ್ಷಮಿಸಲು ಕಸುವು ಬೇಕೆಂಬುದನ್ನು ಗುಮಾಸ್ತರಿಗೂ ಗೊತ್ತಿಲ್ಲದಂತೆ ಆ ಪದ ಹೊತ್ತು ತಿರುಗುತ್ತಿದೆ. ನಮ್ಮ 'ಮನ್ನಿಸು' ಇನ್ನೂ ಸೊಗಸು. ಗೌರವಿಸುವುದಕ್ಕೂ ಅದೇ, ಕ್ಷಮಿಸುವುದಕ್ಕೂ ಅದೇ.

ಆದರೆ ಹೆಚ್ಚು ಬಳಸಿದ ನಾಣ್ಯ ಸವೆಯದೆ ಇರುತ್ತದೆಯೇ? ಬಸ್ಸಿನಲ್ಲಿ ಕಾಲು ತುಳಿದವರ 'ಕ್ಷಮಿಸಿ' ಈಗ 'ಸಾರಿ' ಆಗಿದೆ. ಪುಣೆಯ ಸಿಗ್ನಲ್ಲಿನಲ್ಲಿ ಕೈಚಾಚಿದ ಭಿಕ್ಷುಕನಿಗೆ 'ಮಾಫ್ ಕರಾ' ಎಂದು ಕಾರಿನ ಗಾಜು ಏರಿಸುತ್ತಾರೆ. ಕಾಸು ಕೊಡದಿದ್ದರೆ ಹೋಗಲಿ, ಅವನಿಂದಲೇ ಕ್ಷಮೆಯನ್ನೂ ಬೇಡುವುದು!

ಈ ಪದಗಳೆಲ್ಲ ಒಮ್ಮೆಗೇ ನನ್ನ ಬಾಯಲ್ಲಿ ಕಹಿಯಾದದ್ದು 2024ರ ಮೇ ತಿಂಗಳಲ್ಲಿ. 19ರ ನಸುಕಿಗೆ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಗುದ್ದಿ 24 ವರ್ಷದ ಇಬ್ಬರು ಇಂಜಿನಿಯರುಗಳು ಸತ್ತರು. ಇಬ್ಬರೂ ಮಧ್ಯಪ್ರದೇಶದಿಂದ ಬಂದವರು. ಕಾರು ಓಡಿಸುತ್ತಿದ್ದನೆಂದು ಪೊಲೀಸರು ಹೇಳಿದ ಹುಡುಗನಿಗೆ 17. ಬಾಲನ್ಯಾಯ ಮಂಡಳಿ ಅಂದೇ ಜಾಮೀನು ಕೊಟ್ಟಿತು. ಷರತ್ತುಗಳಲ್ಲೊಂದು, ರಸ್ತೆ ಅಪಘಾತಗಳ ಬಗ್ಗೆ 300 ಪದಗಳ ಪ್ರಬಂಧ. ಪ್ರಬಂಧ ಬರೆದು ಬದುಕುವ ನನಗೆ ಅಂದು ಕಸುಬಿನ ಬಗ್ಗೆಯೇ ನಾಚಿಕೆಯಾಯಿತು. ಈ ಅಂಕಣವೇ ಅದಕ್ಕಿಂತ ಉದ್ದ. ಊರು ರೊಚ್ಚಿಗೆದ್ದಿತು. 22ರಂದು ಆದೇಶ ಬದಲಾಗಿ ಹುಡುಗನನ್ನು ವೀಕ್ಷಣಾಲಯಕ್ಕೆ ಕಳಿಸಿದರು, ಜೂನ್ 25ರಂದು ಹೈಕೋರ್ಟು ಬಿಡುಗಡೆಗೆ ಹೇಳಿತು.

ಆ ದಿನಗಳಲ್ಲಿ ಸಂಜೆ ಕಟ್ಟೆಯ ಮೇಲೆ ಕೂತ ಹಿರಿಯರಲ್ಲಿ ಕೆಲವರು ಗಲ್ಲಿಗೇರಿಸಿ ಎಂದರು. ಒಬ್ಬರು ಮಾತ್ರ, 'ಹುಡುಗ ಬುದ್ಧಿ, ಪೋಟಾತ್ ಘಾಲಾಯ್ಲಾ ಹವಂ' ಎಂದರು. ಹೊಟ್ಟೆಗೆ ಹಾಕಿಕೊಳ್ಳಬೇಕಂತೆ. ಯಾರ ಹೊಟ್ಟೆಗೆ? ಮಕ್ಕಳನ್ನು ನಾವು ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುತ್ತೇವೆ. ಅವರು ಹೋದರೆ ಉರಿಯುವುದೂ ಅದೇ ಹೊಟ್ಟೆ. ಆ ಬೆಂಕಿಯ ಮೇಲೆಯೇ ತಪ್ಪನ್ನೂ ಇಟ್ಟುಕೊಳ್ಳಮ್ಮ ಎನ್ನಲು ಕಟ್ಟೆಯ ಮೇಲಿನ ನಮಗೇನು ಹಕ್ಕು?

ಈ ಪ್ರಶ್ನೆ ದ್ರೌಪದಿಯದು. ಪುಣೆಯ ಭಂಡಾರ್ಕರ್ ಸಂಸ್ಥೆಯ ಪಂಡಿತರು 1,259 ಹಸ್ತಪ್ರತಿಗಳನ್ನು ಹೋಲಿಸಿ 1966ರಲ್ಲಿ ಮುಗಿಸಿದ ಮಹಾಭಾರತದ ವನಪರ್ವವನ್ನು ತೆರೆದರೆ ಅವಳು ಧರ್ಮರಾಯನೊಡನೆ ಇದೇ ಪದ ಹಿಡಿದು ಜಗಳಾಡುತ್ತಿದ್ದಾಳೆ. ಪ್ರಹ್ಲಾದ ತನ್ನ ಮೊಮ್ಮಗ ಬಲಿಗೆ ಹೇಳಿದ್ದನ್ನು ನೆನಪಿಸುತ್ತಾಳೆ: ಯಾವಾಗಲೂ ಸಿಟ್ಟು ಒಳ್ಳೆಯದಲ್ಲ, ಯಾವಾಗಲೂ ಕ್ಷಮೆಯೂ ಒಳ್ಳೆಯದಲ್ಲ. ಧರ್ಮರಾಯ ಕ್ಷಮೆಯನ್ನು ಉದ್ದಕ್ಕೆ ಹೊಗಳುತ್ತಾನೆ. ಅವಳು ಒಪ್ಪುವುದಿಲ್ಲ. ಮುಂದೆ ಮಲಗಿದ್ದ ಐವರು ಮಕ್ಕಳನ್ನು ಅಶ್ವತ್ಥಾಮ ಕೊಂದ ಸುದ್ದಿ ಬಂದಾಗ, ಅವನಿಗೆ ತಕ್ಕ ಶಾಸ್ತಿಯಾಗದಿದ್ದರೆ ಇಲ್ಲೇ ಅನ್ನ ಬಿಟ್ಟು ಸಾಯುತ್ತೇನೆಂದು ಕೂತುಬಿಡುತ್ತಾಳೆ.

ಭಾಗವತದ ದ್ರೌಪದಿ ಬೇರೆ. ಅರ್ಜುನ ಕೊಲೆಗಾರನನ್ನು ಹಗ್ಗದಲ್ಲಿ ಬಿಗಿದು ತಂದು ಅವಳ ಮುಂದೆ ನಿಲ್ಲಿಸುತ್ತಾನೆ. ಬಿಟ್ಟುಬಿಡಿ, ನಾನು ಅಳುತ್ತಿರುವಂತೆ ಇವನ ತಾಯಿ ಅಳುವುದು ಬೇಡ ಎನ್ನುತ್ತಾಳೆ. ಅಶ್ವತ್ಥಾಮ ಕ್ಷಮೆ ಕೇಳಿರಲಿಲ್ಲ. ಅವನ ಬೆನ್ನ ಹಿಂದೆ ಇನ್ನೊಬ್ಬ ಹೆತ್ತವಳ ಹೊಟ್ಟೆ ಅವಳಿಗೆ ಕಂಡಿತು, ಅಷ್ಟೇ. ಮೊದಲು ಮಾತಾಡಿದವಳು ಮಕ್ಕಳನ್ನು ಕಳೆದುಕೊಂಡವಳೇ. ಧರ್ಮರಾಯ ತಲೆದೂಗಿದ್ದು ಆಮೇಲೆ, ಭೀಮನಂತೂ ಒಪ್ಪಲೇ ಇಲ್ಲ.

ಅವಳು ಬಿಡಿ ಎಂದಳು, ಬಿಟ್ಟರು. ಬಿಡುವ ಮುಂಚೆ ಅರ್ಜುನ ಅವನ ನೆತ್ತಿಯ ಮಣಿಯನ್ನು ಕೂದಲ ಸಮೇತ ಕತ್ತಿಯಿಂದ ಕತ್ತರಿಸಿಕೊಂಡ.